ಪೊಲೀಸರಿಗೆ ಕೊಟ್ಟ ಡಿಎನ್‌ಎ ಮಾದರಿ: ಹಕ್ಕು ಕಾಯ್ದುಕೊಳ್ಳುವುದು ಮತ್ತು ದಾಖಲೆ ನಾಶಪಡಿಸಲು ಕೋರುವುದು ಹೇಗೆ

ಪ್ರಕರಣವೊಂದರಲ್ಲಿ ಬಂಧನಕ್ಕೊಳಗಾಗಿ, ರಕ್ತವನ್ನೋ ಕೆನ್ನೆಯ ಒಳಭಾಗದ ಸ್ವಾಬನ್ನೋ ಕೊಟ್ಟು, ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಕೊನೆಗೆ ನಿರ್ದೋಷಿಯೆಂದು ಬಿಡುಗಡೆಯಾದ ವ್ಯಕ್ತಿ ತನ್ನ ಡಿಎನ್‌ಎ ಮಾಹಿತಿಯೂ ಆ ತೀರ್ಪಿನೊಂದಿಗೆ ತಾನಾಗಿಯೇ ಅಳಿಸಿಹೋಯಿತೆಂದು ನಂಬಿ ಕೂರುವಂತಿಲ್ಲ. ನಾಶಪಡಿಸಬೇಕೆಂದು ಕಾನೂನು ಹೇಳುತ್ತದೆ ನಿಜ. ಆದರೆ ಕೇಳುವ ಹೊಣೆ ಬಿಡುಗಡೆಯಾದವರ ಹೆಗಲಿಗೇ ಬಿದ್ದಿದೆ. ಕೇಳದೆ ಹೋದರೆ ದಾಖಲೆ ಉಳಿದುಬಿಡುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಈ ಬರಹ ಬಂಧನದ ದಿನದಿಂದ ಹಿಡಿದು ನಾಶಪಡಿಸಿದ ಪತ್ರ ಕೈಗೆ ಬರುವವರೆಗೆ ಯಾವ ಹಂತದಲ್ಲಿ ಏನು ಕೇಳಬೇಕು, ಯಾವ ಕಾಗದವನ್ನು ಜೋಪಾನವಾಗಿಡಬೇಕು ಎಂಬುದನ್ನು ವಿವರಿಸುತ್ತದೆ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆಗಳನ್ನು ಕೇಳಲು ಇದು ನೆರವಾಗಬೇಕೆಂಬುದು ಉದ್ದೇಶ.

ಮೊದಲು ತಿಳಿದಿರಬೇಕಾದ ಕಾನೂನು

ಭಾರತದಲ್ಲಿ ಡಿಎನ್‌ಎಗೆಂದೇ ಪ್ರತ್ಯೇಕವಾದ ಕಾಯ್ದೆಯಿಲ್ಲ. ಡಿಎನ್‌ಎ ದತ್ತಾಂಶ ಬ್ಯಾಂಕ್ ಸ್ಥಾಪಿಸಲು 2019ರ ಜುಲೈನಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಮಸೂದೆಯನ್ನು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಆ ಮಸೂದೆಯಲ್ಲಿ ದೋಷಗಳಿದ್ದವು, ಆದರೂ ಡಿಎನ್‌ಎ ವಿಷಯವನ್ನೇ ನೇರವಾಗಿ ನಿಭಾಯಿಸುವ ಪ್ರಯತ್ನ ಅದಾಗಿತ್ತು. ಈಗ ಆ ಜಾಗದಲ್ಲಿ ಕೆಲಸ ಮಾಡುತ್ತಿರುವುದು ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ, 2022. ಬ್ರಿಟಿಷರ ಕಾಲದ 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯನ್ನು ರದ್ದುಪಡಿಸಿ ಬಂದ ಈ ಕಾಯ್ದೆ 2022ರ ಆಗಸ್ಟ್ 4ರಿಂದ ಜಾರಿಯಲ್ಲಿದೆ. ಅದರ ನಿಯಮಗಳು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ರಕಟವಾದವು. ಹಳೆಯ ಕಾಯ್ದೆಯ ವ್ಯಾಪ್ತಿ ಬೆರಳಚ್ಚು, ಪಾದದಚ್ಚು, ದೇಹದ ಅಳತೆ ಮತ್ತು ಛಾಯಾಚಿತ್ರಗಳ ಸುತ್ತ ಸುತ್ತುತ್ತಿದ್ದರೆ, ಹೊಸ ಕಾಯ್ದೆ ಕಣ್ಣಿನ ಪಾಪೆ ಮತ್ತು ಅಕ್ಷಿಪಟಲದ ಸ್ಕ್ಯಾನ್, ಸಹಿ, ಕೈಬರಹ, ಜೈವಿಕ ಮಾದರಿಗಳು ಹಾಗೂ ಅವುಗಳ ವಿಶ್ಲೇಷಣೆ ಎಲ್ಲವನ್ನೂ ‘ಅಳತೆ’ ಎಂಬ ಒಂದೇ ಹೆಸರಿನಡಿ ತರುತ್ತದೆ. ಡಿಎನ್‌ಎ ಒಳಬರುವುದು ಈ ಜೈವಿಕ ಮಾದರಿಯ ಬಾಗಿಲಿನಿಂದ.

ಕಾಯ್ದೆಯ 4ನೇ ಕಲಮಿನ ಪ್ರಕಾರ ಈ ಅಳತೆಗಳ ದಾಖಲೆಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ಸಂಗ್ರಹಿಸಿದ ದಿನದಿಂದ 75 ವರ್ಷಗಳವರೆಗೆ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು ಮತ್ತು ಕಾನೂನು ಜಾರಿಯ ಇತರ ಸಂಸ್ಥೆಗಳೊಂದಿಗೆ ಹಂಚಿಕೊಳ್ಳಬಹುದು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಬಂಧಿತನಾದವನ ದಾಖಲೆ ಅವನಿಗೆ ನೂರು ತುಂಬುವವರೆಗೂ ಇರಬಹುದೆಂದರೆ ಅದು ಜೀವನಪರ್ಯಂತವೆಂದೇ ಅರ್ಥ. ಇದೇ ಕಲಮಿನಲ್ಲಿ ನಮಗೆ ಬೇಕಾದ ವಿನಾಯಿತಿಯೂ ಇದೆ: ಜೈಲು ಶಿಕ್ಷೆ ವಿಧಿಸಬಹುದಾದ ಯಾವುದೇ ಅಪರಾಧದಲ್ಲಿ ಹಿಂದೆ ದೋಷಿಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತನಾದರೆ ಅಥವಾ ಖುಲಾಸೆಯಾದರೆ, ಕಾನೂನಿನ ಪರಿಹಾರಗಳೆಲ್ಲ ಮುಗಿದ ಮೇಲೆ ಅವನ ಎಲ್ಲ ಅಳತೆಗಳ ದಾಖಲೆಯನ್ನೂ ನಾಶಪಡಿಸಬೇಕು. ನ್ಯಾಯಾಲಯ ಅಥವಾ ಮ್ಯಾಜಿಸ್ಟ್ರೇಟರು ಲಿಖಿತ ಕಾರಣ ಕೊಟ್ಟು ಬೇರೆ ರೀತಿ ನಿರ್ದೇಶಿಸಿದರೆ ಮಾತ್ರ ಅದನ್ನು ಉಳಿಸಿಕೊಳ್ಳಬಹುದು.

ಈ ಕಾಯ್ದೆಯ ಜೊತೆಗೆ ಇನ್ನೊಂದು ದಾರಿಯೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಮುಂದೆ ಬರಿಯ ‘ಸಂಹಿತೆ’ ಎಂದರೆ ಇದೇ) 51 ಮತ್ತು 52ನೇ ಕಲಮುಗಳು, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 53 ಮತ್ತು 53ಎ ಕಲಮುಗಳಂತೆಯೇ, ಬಂಧಿತನನ್ನು ವೈದ್ಯರಿಂದ ಪರೀಕ್ಷಿಸಿ ಡಿಎನ್‌ಎ ವಿಶ್ಲೇಷಣೆಗೆ ಮಾದರಿ ತೆಗೆಸಲು ಅವಕಾಶ ಕೊಡುತ್ತವೆ. ಇದರ ಉದ್ದೇಶ ಆ ನಿರ್ದಿಷ್ಟ ಅಪರಾಧಕ್ಕೆ ಸಾಕ್ಷ್ಯ ಪಡೆಯುವುದು. 2022ರ ಕಾಯ್ದೆಯ ಉದ್ದೇಶ ಅದಕ್ಕಿಂತ ವಿಶಾಲವಾದದ್ದು. ಅಲ್ಲಿ ದಾಖಲೆ ದೇಶಮಟ್ಟದ ಸಂಗ್ರಹಕ್ಕೆ ಹೋಗುತ್ತದೆ. ಠಾಣೆಯಲ್ಲಿ ಮಾದರಿ ಕೇಳಿದಾಗ ‘ಯಾವ ಕಾಯ್ದೆಯ ಯಾವ ಕಲಮಿನಡಿ ಕೇಳುತ್ತಿದ್ದೀರಿ’ ಎಂಬ ಪ್ರಶ್ನೆ ಅಷ್ಟು ಮುಖ್ಯವಾಗುವುದು ಇದೇ ಕಾರಣಕ್ಕೆ.

ಮಾದರಿ ಕೇಳಿದಾಗ

ಮಾದರಿ ಕೊಡಲೇಬೇಕೇ ಎಂಬುದು ಆರೋಪದ ಸ್ವರೂಪವನ್ನು ಅವಲಂಬಿಸಿದೆ. 2022ರ ಕಾಯ್ದೆಯ 3ನೇ ಕಲಮಿನ ಪ್ರಕಾರ ಮಹಿಳೆ ಅಥವಾ ಮಗುವಿನ ವಿರುದ್ಧದ ಅಪರಾಧ ಇಲ್ಲವೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧದ ಆರೋಪದಲ್ಲಿ ಬಂಧಿತರಾದವರನ್ನು ಬಿಟ್ಟು ಉಳಿದ ಬಂಧಿತರು ಆ ಕಲಮಿನಡಿ ಜೈವಿಕ ಮಾದರಿ ಕೊಡಲು ಬದ್ಧರಲ್ಲ. ಉದಾಹರಣೆಗೆ, ಭಾರತೀಯ ನ್ಯಾಯ ಸಂಹಿತೆಯಡಿ ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ, ಸ್ವಇಚ್ಛೆಯಿಂದ ಉಂಟುಮಾಡಿದ ಸಾಧಾರಣ ಗಾಯಕ್ಕೆ ಒಂದು ವರ್ಷ. ಇಂಥ ಆರೋಪದಲ್ಲಿ ಬಂಧಿತನಾದವನು ಬೆರಳಚ್ಚು ಮತ್ತು ಛಾಯಾಚಿತ್ರಕ್ಕೆ ಒಪ್ಪಬೇಕಾಗುತ್ತದೆ, ಆದರೆ ರಕ್ತ ಅಥವಾ ಸ್ವಾಬ್ ಕೊಡಲು ಈ ಕಲಮಿನಡಿ ಒತ್ತಾಯಿಸುವಂತಿಲ್ಲ. ಕೊಲೆ, ಅತ್ಯಾಚಾರದಂತಹ ಆರೋಪಗಳಲ್ಲಿ ಈ ರಕ್ಷಣೆ ಸಿಗುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ರಕ್ಷಣೆ ಇರುವುದು 3ನೇ ಕಲಮಿಗೆ ಮಾತ್ರ. ತನಿಖೆಗೆ ಅಗತ್ಯವೆನಿಸಿದರೆ 5ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಯಾವುದೇ ವ್ಯಕ್ತಿಗೆ, ಬಂಧಿತನಲ್ಲದವನಿಗೂ, ಅಳತೆ ಕೊಡುವಂತೆ ಆದೇಶಿಸಬಹುದು. ಎರಡನೆಯದಾಗಿ, ಕೊಡಲು ಬದ್ಧರಾಗಿರುವವರು ನಿರಾಕರಿಸಿದರೆ ಬಲವಂತವಾಗಿ ತೆಗೆದುಕೊಳ್ಳಲು ಕಾಯ್ದೆಯೇ ಅನುಮತಿಸುತ್ತದೆ ಮತ್ತು ನಿರಾಕರಣೆಯನ್ನು ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿದ ಅಪರಾಧವೆಂದು ಪರಿಗಣಿಸುತ್ತದೆ. ಹಾಗಾಗಿ ಮೈಮೇಲೆ ಬಿದ್ದು ತಡೆಯುವ ಕೆಲಸ ಎಂದಿಗೂ ಬೇಡ. ‘ನನ್ನ ಮೇಲಿರುವ ಆರೋಪಕ್ಕೆ ಏಳು ವರ್ಷದ ಶಿಕ್ಷೆಯಿಲ್ಲ, 3ನೇ ಕಲಮಿನ ವಿನಾಯಿತಿಯಂತೆ ಜೈವಿಕ ಮಾದರಿ ಕೊಡಲು ನಾನು ಬದ್ಧನಲ್ಲ’ ಎಂದು ಶಾಂತವಾಗಿ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಸಹಿಯ ಪಕ್ಕದಲ್ಲಿ ‘ಒಪ್ಪಿಗೆ ಇಲ್ಲ, ಆಕ್ಷೇಪಣೆ ಸಲ್ಲಿಸಿದ್ದೇನೆ’ ಎಂದು ಸ್ವಂತ ಕೈಬರಹದಲ್ಲಿ ಬರೆದರೆ ಸಾಕು. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಅದೇ ಮಾತನ್ನು ಅಲ್ಲಿ ಹೇಳಿ ಆದೇಶದ ಹಾಳೆಯಲ್ಲಿ ದಾಖಲಿಸಿಕೊಳ್ಳುವಂತೆ ವಕೀಲರ ಮೂಲಕ ಕೋರಬೇಕು. ಠಾಣೆಯೊಳಗೆ ಆಡಿದ ಮಾತಿಗೆ ಸಾಕ್ಷಿ ಸಿಗುವುದು ಕಷ್ಟ, ಆದೇಶದ ಹಾಳೆಯಲ್ಲಿ ಬರೆದ ಸಾಲಿಗೆ ಬೇರೆ ಸಾಕ್ಷಿಯೇ ಬೇಡ. ವಿಚಾರಣೆಯ ವೇಳೆ ತನ್ನ ಆಯ್ಕೆಯ ವಕೀಲರನ್ನು ಭೇಟಿಯಾಗುವ ಹಕ್ಕು ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಿನಲ್ಲಿದೆ. ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಮನೆಯವರು 15100 ಸಂಖ್ಯೆಗೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಬಹುದು.

ಪ್ರತಿಭಟನೆ, ನಿಷೇಧಾಜ್ಞೆ ಮತ್ತು ಮುಂಜಾಗ್ರತಾ ಬಂಧನಗಳ ವಿಚಾರವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಈ ನಿಯಮ ತಿಳಿಯದೆ ಸುಮ್ಮನೆ ಬೆರಳೊತ್ತಿ ಬರುವ ಪ್ರಸಂಗ ಯಾರಿಗೂ ಬರಬಾರದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನ, ಅಂದರೆ ಈಗಿನ 163ನೇ ಕಲಮಿನ, ನಿಷೇಧಾಜ್ಞೆಯನ್ನು ಉಲ್ಲಂಘಿಸಿದ ಕಾರಣಕ್ಕೋ, ಹಿಂದಿನ 151ನೇ ಕಲಮಿನ, ಅಂದರೆ ಈಗಿನ 170ನೇ ಕಲಮಿನ, ಮುಂಜಾಗ್ರತಾ ಬಂಧನದ ಕಾರಣಕ್ಕೋ ಠಾಣೆಗೆ ಕರೆದೊಯ್ದವರ ಮೇಲೆ ಬೇರೆ ಯಾವುದೇ ಅಪರಾಧದ ಆರೋಪವಿಲ್ಲದಿದ್ದರೆ, ಅವರ ಅಳತೆಗಳನ್ನು ತೆಗೆಯಬಾರದೆಂದು 2022ರ ನಿಯಮಗಳೇ ಹೇಳುತ್ತವೆ. ಹಾಗೆಯೇ ಚುನಾವಣೆ, ಹಬ್ಬಗಳ ಸಮಯದಲ್ಲಿ ಶಾಂತಿ ಕಾಪಾಡುವ ಬಾಂಡ್ ಬರೆದುಕೊಡುವಂತೆ ನೋಟಿಸ್ ಬಂದ ಮಾತ್ರಕ್ಕೆ ಅಳತೆ ತೆಗೆಯಲಾಗದು. ಭದ್ರತೆ ಕೊಡುವಂತೆ ವಿಧಿವತ್ತಾದ ಆದೇಶ ಆಗಿರಬೇಕು.

ಮಾದರಿ ತೆಗೆಯುವ ಕೋಣೆಯಲ್ಲಿ

ಸಂಹಿತೆಯ 51ನೇ ಕಲಮಿನಡಿಯ ಪರೀಕ್ಷೆಯನ್ನು ನೋಂದಾಯಿತ ವೈದ್ಯರು ಮಾಡಬೇಕು. ಮಹಿಳೆಯಾದರೆ ಮಹಿಳಾ ವೈದ್ಯರೇ ಅಥವಾ ಅವರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಸಾಮಾನ್ಯವಾಗಿ ಹತ್ತಿಯ ತುದಿಯಿರುವ ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಉಜ್ಜಿ ಸ್ವಾಬ್ ತೆಗೆಯುತ್ತಾರೆ, ಇಲ್ಲವೇ ರಕ್ತವನ್ನು ಸಣ್ಣ ಕೊಳವೆಗೆ ತುಂಬಿಸುತ್ತಾರೆ, ಇಲ್ಲವೇ ಒಂದೆರಡು ಹನಿಯನ್ನು ವಿಶೇಷ ಕಾಗದದ ಕಾರ್ಡಿನ ಮೇಲೆ ಒಣಗಿಸುತ್ತಾರೆ. ಆಮೇಲೆ ಅದನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆಯೊತ್ತಿ, ಚೀಟಿ ಅಂಟಿಸಿ, ಸಹಿ ಹಾಕುತ್ತಾರೆ. ಆ ಚೀಟಿಯ ಮೇಲೆ ಬರೆದಿರುವುದನ್ನು ಓದಿ ನೆನಪಿಟ್ಟುಕೊಳ್ಳುವುದು ಬಹಳ ಮುಖ್ಯ: ದಿನಾಂಕ, ವೇಳೆ, ಮೊಕದ್ದಮೆ ಸಂಖ್ಯೆ, ಎಷ್ಟು ಮಾದರಿ ತೆಗೆದರು, ವೈದ್ಯರ ಹೆಸರು, ಜೊತೆಗಿದ್ದ ಪೊಲೀಸ್ ಅಧಿಕಾರಿಯ ಹೆಸರು ಮತ್ತು ಹುದ್ದೆ. ಅಲ್ಲೇ ಬರೆದುಕೊಳ್ಳಲು ಆಗದಿದ್ದರೆ ಆ ದಿನವೇ ವಕೀಲರಿಗೋ ಮನೆಯವರಿಗೋ ಹೇಳಿ ಬರೆಸಿಡಬೇಕು. ವರ್ಷಗಳ ನಂತರ ನಾಶಪಡಿಸಲು ಕೋರುವ ಅರ್ಜಿಯಲ್ಲಿ ಈ ವಿವರಗಳೇ ಆಧಾರ. ಬಂಧನದ ನಂತರ ನಡೆಯುವ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಆತ ಹೆಸರಿಸಿದವರಿಗೆ ಕೊಡಬೇಕೆಂದು ಸಂಹಿತೆಯ 53ನೇ ಕಲಮು ಹೇಳುತ್ತದೆ. ಅದನ್ನು ಕೇಳಿ ಪಡೆಯಬೇಕು.

ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಡಿಎನ್‌ಎ ಮಾದರಿಗಳ ನಿರ್ವಹಣೆಗೆ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಮಾದರಿ ತೆಗೆದುದರ ದಾಖಲೆಯಲ್ಲಿ ವೈದ್ಯಕೀಯ ಸಿಬ್ಬಂದಿ, ತನಿಖಾಧಿಕಾರಿ ಮತ್ತು ಸ್ವತಂತ್ರ ಸಾಕ್ಷಿಗಳ ಸಹಿ ಇರಬೇಕು. 48 ಗಂಟೆಯೊಳಗೆ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯ ತಲುಪಬೇಕು. ವಿಚಾರಣೆ ಬಾಕಿಯಿರುವಾಗ ನ್ಯಾಯಾಲಯದ ಅನುಮತಿಯಿಲ್ಲದೆ ಪೊಟ್ಟಣವನ್ನು ತೆರೆಯುವಂತಿಲ್ಲ. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ರಿಜಿಸ್ಟರನ್ನು ಪ್ರಕರಣದ ಕೊನೆಯವರೆಗೆ ನಿರ್ವಹಿಸಿ ವಿಚಾರಣಾ ನ್ಯಾಯಾಲಯದ ಕಡತಕ್ಕೆ ಸೇರಿಸಬೇಕು. ಈ ನಿರ್ದೇಶನಗಳು ಮೂಲತಃ ಸಾಕ್ಷ್ಯದ ವಿಶ್ವಾಸಾರ್ಹತೆಗಾಗಿ ಬಂದವು. ಆದರೂ ಖಾಸಗಿತನ ಕಾಯ್ದುಕೊಳ್ಳಲು ಹೊರಟವರಿಗೆ ಆ ರಿಜಿಸ್ಟರಿನಷ್ಟು ಉಪಯುಕ್ತವಾದ ಕಾಗದ ಇನ್ನೊಂದಿಲ್ಲವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಮಾದರಿ ಎಲ್ಲೆಲ್ಲಿ ಇದೆ ಎಂಬುದಕ್ಕೆ ಅದೇ ನಕ್ಷೆ. ಆರೋಪಪಟ್ಟಿಯೊಂದಿಗೆ ಉಚಿತವಾಗಿ ಸಿಗುವ ದಾಖಲೆಗಳಲ್ಲಿ ಆ ರಿಜಿಸ್ಟರಿನ ಪ್ರತಿ, ಪ್ರಯೋಗಾಲಯದ ವರದಿ ಮತ್ತು ಮಾದರಿ ಸಂಗ್ರಹದ ಮಹಜರು ಇವೆಯೇ ಎಂದು ಪರಿಶೀಲಿಸಿ, ಇಲ್ಲದಿದ್ದರೆ ನ್ಯಾಯಾಲಯದಲ್ಲಿ ಕೇಳಿ ಪಡೆಯಿರಿ.

ಏನನ್ನು ನಾಶಪಡಿಸಬೇಕೆಂದು ಕೇಳಬೇಕು

ಡಿಎನ್‌ಎ ಒಂದೇ ಕಡೆ, ಒಂದೇ ರೂಪದಲ್ಲಿ ಇರುವುದಿಲ್ಲ. ಮೊದಲನೆಯದು ರಕ್ತದ ಕೊಳವೆ, ಒಣಗಿದ ಕಾರ್ಡ್, ಸ್ವಾಬ್ ಮುಂತಾದ ಭೌತಿಕ ಮಾದರಿ. ಎರಡನೆಯದು ಪ್ರಯೋಗಾಲಯ ಅದರಿಂದ ಬೇರ್ಪಡಿಸಿ ಶೀತಕದಲ್ಲಿಟ್ಟ ಡಿಎನ್‌ಎ ದ್ರಾವಣ. ಮೂರನೆಯದು ಅದನ್ನು ವಿಶ್ಲೇಷಿಸಿ ಪಡೆದ ಪ್ರೊಫೈಲ್, ಅಂದರೆ ವರ್ಣತಂತುಗಳ ನಿಗದಿತ ಜಾಗಗಳಲ್ಲಿ ಡಿಎನ್‌ಎಯ ಸಣ್ಣ ತುಣುಕು ಎಷ್ಟು ಬಾರಿ ಮರುಕಳಿಸಿದೆ ಎಂಬುದನ್ನು ಸೂಚಿಸುವ ಅಂಕಿಗಳ ಜೋಡಿಗಳು. ನಾಲ್ಕನೆಯದು ಆ ಪ್ರೊಫೈಲ್ ಮತ್ತು ಇತರ ಅಳತೆಗಳ ಡಿಜಿಟಲ್ ದಾಖಲೆ.

ಪ್ರೊಫೈಲಿಗಿಂತ ಭೌತಿಕ ಮಾದರಿಯ ವಿಷಯದಲ್ಲಿ ನಾವು ಹೆಚ್ಚು ಕಾಳಜಿ ವಹಿಸಬೇಕು. ಗುರುತಿಗಾಗಿ ಬಳಸುವ ಪ್ರೊಫೈಲಿನ ಅಂಕಿಗಳಿಂದ ವ್ಯಕ್ತಿಯ ಕಾಯಿಲೆ, ಮೈಗುಣಗಳ ಬಗ್ಗೆ ತಿಳಿಯುವುದು ಅತ್ಯಲ್ಪ. ಆದರೆ ರಕ್ತದ ಕಾರ್ಡ್ ಉಳಿದಿದ್ದರೆ ಮುಂದೆ ಯಾವ ತಂತ್ರಜ್ಞಾನ ಬಂದರೂ ಅದೇ ಮಾದರಿಯನ್ನು ಮತ್ತೆ ಪರೀಕ್ಷಿಸಿ ಆನುವಂಶಿಕ ರೋಗಗಳಿಂದ ಹಿಡಿದು ವಂಶಮೂಲದವರೆಗೆ ಎಲ್ಲವನ್ನೂ ಓದಬಹುದು. ಅದು ಆ ಒಬ್ಬ ವ್ಯಕ್ತಿಯದ್ದಷ್ಟೇ ಆಗಿಯೂ ಉಳಿಯುವುದಿಲ್ಲ. ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಯಾವ ಠಾಣೆಯ ಮೆಟ್ಟಿಲನ್ನೂ ಹತ್ತದೆಯೇ ಆ ಮಾದರಿಯ ಮೂಲಕ ಭಾಗಶಃ ದಾಖಲೆಗೊಳಗಾಗುತ್ತಾರೆ. ಕಾಯ್ದೆ ‘ಅಳತೆಗಳ ದಾಖಲೆ’ಯನ್ನು ನಾಶಪಡಿಸಬೇಕೆನ್ನುತ್ತದೆ, ಪ್ರಯೋಗಾಲಯದ ಶೀತಕದಲ್ಲಿರುವ ಕೊಳವೆಯ ಬಗ್ಗೆ ಅಷ್ಟು ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ನಾಲ್ಕನ್ನೂ ಹೆಸರಿಸಿ ಕೇಳಬೇಕು.

ಭೌತಿಕ ಮಾದರಿಗೆ ಇನ್ನೊಂದು ಸರಳ ದಾರಿಯೂ ಇದೆ. ಮಾದರಿಯ ಪೊಟ್ಟಣವನ್ನು ನ್ಯಾಯಾಲಯದಲ್ಲಿ ಮುದ್ದೆಮಾಲಾಗಿ, ಅಂದರೆ ಪ್ರಕರಣದ ಸಾಕ್ಷ್ಯವಸ್ತುವಾಗಿ, ಗುರುತಿಸಿದ್ದರೆ, ತೀರ್ಪಿನ ಕೊನೆಯಲ್ಲಿ ಅದರ ವಿಲೇವಾರಿಗೆ ಸಂಹಿತೆಯ 498ನೇ ಕಲಮಿನಡಿ ಆದೇಶವಾಗುತ್ತದೆ. ‘ಮೇಲ್ಮನವಿ ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು’ ಎಂಬ ಸಾಲು ಬರುವುದು ಅಲ್ಲಿಯೇ. ಅಂತಿಮ ವಾದದ ಹಂತದಲ್ಲಿಯೇ ವಕೀಲರು ಒಂದು ಮೆಮೊ ಸಲ್ಲಿಸಿ, ಖುಲಾಸೆಯಾದಲ್ಲಿ ಆರೋಪಿಯ ರಕ್ತದ ಮಾದರಿ, ಸ್ವಾಬ್ ಮತ್ತು ಪ್ರಯೋಗಾಲಯದಲ್ಲಿ ಉಳಿದಿರುವ ಡಿಎನ್‌ಎ ದ್ರಾವಣವನ್ನೂ ಈ ಆದೇಶಕ್ಕೆ ಸೇರಿಸಬೇಕೆಂದೂ, 2022ರ ಕಾಯ್ದೆಯ 4ನೇ ಕಲಮಿನಂತೆ ದಾಖಲೆಗಳನ್ನು ನಾಶಪಡಿಸಲು ನಿರ್ದೇಶಿಸಬೇಕೆಂದೂ ಕೋರಿದರೆ, ಮುಂದಿನ ಅಲೆದಾಟದ ಅರ್ಧಭಾಗ ಅಲ್ಲೇ ತಪ್ಪುತ್ತದೆ. ಎಫ್‌ಐಆರ್ ರದ್ದು ಕೋರಿ ಹೈಕೋರ್ಟಿಗೆ ಹೋಗುವವರೂ ಆ ಅರ್ಜಿಯಲ್ಲಿಯೇ ಈ ಕೋರಿಕೆಯನ್ನು ಸೇರಿಸಬೇಕು.

ಯಾರು, ಯಾವಾಗ ಕೇಳಬಹುದು

ಖುಲಾಸೆ ಮತ್ತು ಆರೋಪಮುಕ್ತಿಯ ವಿಷಯದಲ್ಲಿ ಗೊಂದಲವಿಲ್ಲ. ತನಿಖೆಯ ನಂತರ ಪೊಲೀಸರೇ ಬಿ ರಿಪೋರ್ಟ್, ಅಂದರೆ ಆರೋಪ ಹೊರಿಸದೆ ಪ್ರಕರಣ ಮುಗಿಸುವ ವರದಿ, ಹಾಕಿ, ಮ್ಯಾಜಿಸ್ಟ್ರೇಟರು ಅದನ್ನು ಅಂಗೀಕರಿಸಿದ್ದರೆ, ಅದು ವಿಚಾರಣೆಯಿಲ್ಲದೆ ಬಿಡುಗಡೆಯಾದಂತೆ. ಅಂಗೀಕಾರದ ಆದೇಶದ ದೃಢೀಕೃತ ಪ್ರತಿ ಬೇಕಾಗುತ್ತದೆ, ಠಾಣೆಯವರು ಕೊಟ್ಟ ಹಿಂಬರಹ ಸಾಲದು. ಹೈಕೋರ್ಟ್ ಎಫ್‌ಐಆರನ್ನೇ ರದ್ದುಪಡಿಸಿದ್ದರೂ ಇದೇ ವಾದ ನಿಲ್ಲುತ್ತದೆ. ರಾಜಿ ಮಾಡಿಕೊಳ್ಳಬಹುದಾದ ಅಪರಾಧದಲ್ಲಿ ವಿಧಿವತ್ತಾಗಿ ರಾಜಿಯಾದರೆ ಅದಕ್ಕೆ ಖುಲಾಸೆಯ ಪರಿಣಾಮವೇ ಇದೆಯೆಂದು ಸಂಹಿತೆಯ 359ನೇ ಕಲಮು ಹೇಳುತ್ತದೆ.

ಎಡವುವುದು ಸಾಮಾನ್ಯವಾಗಿ ‘ಹಿಂದೆ ದೋಷಿಯಾಗಿರಬಾರದು’ ಎಂಬ ಷರತ್ತಿನಲ್ಲಿ. ಕಾಯ್ದೆ ನೋಡುವುದು ನೀವು ಜೈಲಿಗೆ ಹೋಗಿದ್ದಿರೋ ಇಲ್ಲವೋ ಎಂಬುದನ್ನಲ್ಲ, ಆ ಅಪರಾಧಕ್ಕೆ ಜೈಲು ಶಿಕ್ಷೆ ವಿಧಿಸಲು ಅವಕಾಶವಿತ್ತೇ ಎಂಬುದನ್ನು. ಸಣ್ಣಪುಟ್ಟ ಪ್ರಕರಣದಲ್ಲಿ ಕೋರ್ಟಿಗೆ ಅಲೆಯುವುದು ತಪ್ಪಲೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದಿದ್ದರೂ, ಆ ಅಪರಾಧಕ್ಕೆ ಒಂದು ತಿಂಗಳ ಜೈಲು ಶಿಕ್ಷೆಯ ಸಾಧ್ಯತೆ ಇದ್ದಿದ್ದರೆ ಸಾಕು, ಮುಂದೆ ಬೇರೆ ಪ್ರಕರಣದಲ್ಲಿ ಖುಲಾಸೆಯಾದಾಗ ನಾಶಪಡಿಸುವ ವಿನಾಯಿತಿ ಕೈತಪ್ಪಬಹುದು. ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುಂಚೆ ವಕೀಲರು ಇದನ್ನು ಕಕ್ಷಿದಾರರಿಗೆ ತಿಳಿಸಿ ಹೇಳಬೇಕಾದ್ದು ಅವರ ಕರ್ತವ್ಯವೆಂದೇ ನನ್ನ ಅಭಿಪ್ರಾಯ.

‘ಕಾನೂನಿನ ಪರಿಹಾರಗಳೆಲ್ಲ ಮುಗಿದ ಮೇಲೆ’ ಎಂಬ ಮಾತಿನ ಅರ್ಥ ತೀರ್ಪು ಬಂದ ಮರುದಿನವೇ ಅರ್ಜಿ ಹಾಕಿದರೆ ಫಲವಿಲ್ಲ ಎಂಬುದು. ಖುಲಾಸೆಯ ವಿರುದ್ಧ ಸರ್ಕಾರ ಮೇಲ್ಮನವಿ ಸಲ್ಲಿಸಲು ಮಿತಿ ಕಾಯ್ದೆಯಲ್ಲಿ 90 ದಿನಗಳ ಅವಧಿಯಿದೆ, ವಿಳಂಬವನ್ನು ಮನ್ನಿಸುವಂತೆ ಕೋರಲೂ ಅವಕಾಶವಿದೆ. ಸಂತ್ರಸ್ತರಿಗೂ ಮೇಲ್ಮನವಿಯ ಹಕ್ಕಿದೆ. ಅವಧಿ ಕಳೆದ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆಯಿಂದ ವಿಚಾರಣಾ ನ್ಯಾಯಾಲಯದ ಸ್ಥಿತಿಯನ್ನೂ, ಹೈಕೋರ್ಟಿನಲ್ಲಿ ನಿಮ್ಮ ಹೆಸರಿನಲ್ಲಿ ಮೇಲ್ಮನವಿ ದಾಖಲಾಗಿದೆಯೇ ಎಂಬುದನ್ನೂ ನೋಡಿ, ಆ ಪುಟಗಳನ್ನು ದಿನಾಂಕದೊಂದಿಗೆ ಮುದ್ರಿಸಿಟ್ಟುಕೊಳ್ಳಿ.

ಬಂಧಿತರೇ ಅಲ್ಲದ ಸಾಕ್ಷಿಗಳು, ಅಕ್ಕಪಕ್ಕದ ಮನೆಯವರು, ಅನುಮಾನ ನಿವಾರಣೆಗೆಂದು 5ನೇ ಕಲಮಿನಡಿ ಮಾದರಿ ಕೊಟ್ಟವರ ಸ್ಥಿತಿ ಇನ್ನೂ ಅನ್ಯಾಯದ್ದು. ಅವರು ಎಂದೂ ಆರೋಪಿಗಳಾಗಿಲ್ಲದ ಕಾರಣ ‘ಬಿಡುಗಡೆ’ ಅಥವಾ ‘ಖುಲಾಸೆ’ ಎಂಬ ಮಾತು ಅವರಿಗೆ ನೇರವಾಗಿ ಹೊಂದುವುದಿಲ್ಲ, ಹಾಗಾಗಿ ಅಪರಾಧಿಯ ದಾಖಲೆಯೂ ನಿರಪರಾಧಿ ಸಾಕ್ಷಿಯ ದಾಖಲೆಯೂ ಒಂದೇ 75 ವರ್ಷದ ಕಪಾಟಿನಲ್ಲಿ ಉಳಿಯುವ ಅಪಾಯವಿದೆ. ಇಂಥವರು ಮ್ಯಾಜಿಸ್ಟ್ರೇಟರು ಆದೇಶ ಮಾಡುವ ಹಂತದಲ್ಲಿಯೇ, ಹೋಲಿಕೆ ಮುಗಿದ ಕೂಡಲೇ ಮಾದರಿ ಮತ್ತು ಪ್ರೊಫೈಲನ್ನು ನಾಶಪಡಿಸಬೇಕು, ಬೇರೆ ಪ್ರಕರಣಕ್ಕೆ ಬಳಸಬಾರದು ಎಂಬ ಷರತ್ತನ್ನು ಆದೇಶದಲ್ಲಿ ಬರೆಸಿಕೊಳ್ಳಬೇಕು. ಅತ್ಯಾಚಾರದ ಸಂತ್ರಸ್ತೆಯ ಪರೀಕ್ಷೆಗೆ ಆಕೆಯ ಅಥವಾ ಆಕೆಯ ಪರವಾಗಿ ಸಮ್ಮತಿಸಲು ಅರ್ಹರಾದವರ ಒಪ್ಪಿಗೆ ಕಡ್ಡಾಯ.

ಅರ್ಜಿ ಬರೆಯುವುದು

2022ರ ನಿಯಮಗಳ ಪ್ರಕಾರ ನಾಶಪಡಿಸುವ ಕೋರಿಕೆಯನ್ನು ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ ಸಲ್ಲಿಸಬೇಕು. ಆ ಅಧಿಕಾರಿ ದಾಖಲೆ ಬೇರೆ ಯಾವುದೇ ಕ್ರಿಮಿನಲ್ ಪ್ರಕರಣಕ್ಕೆ ಸಂಬಂಧಿಸಿಲ್ಲವೆಂದು ಪರಿಶೀಲಿಸಿ ಎನ್‌ಸಿಆರ್‌ಬಿಗೆ ಶಿಫಾರಸು ಮಾಡುತ್ತಾರೆ. ನೋಡಲ್ ಅಧಿಕಾರಿ ಯಾರೆಂದು ಠಾಣೆಯಲ್ಲಿ ಗೊತ್ತಿಲ್ಲವೆಂದರೆ ಅಲ್ಲಿಗೇ ನಿಲ್ಲಬೇಡಿ. ರಾಜ್ಯದ ಒಳಾಡಳಿತ ಇಲಾಖೆಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಲ್ಲಿಸಿ ಹುದ್ದೆ ಮತ್ತು ವಿಳಾಸ ಕೇಳಿ. ಉತ್ತರಕ್ಕೆ 30 ದಿನಗಳ ಮಿತಿಯಿದೆ.

ಅರ್ಜಿಯ ಭಾಷೆ ಸರಳವಾಗಿರಲಿ, ಕೋಪ ಬೇಡ. ಮುಖ್ಯ ಭಾಗ ಹೀಗಿರಬಹುದು:

‘… ಪೊಲೀಸ್ ಠಾಣೆಯ ಮೊಕದ್ದಮೆ ಸಂಖ್ಯೆ …ರಲ್ಲಿ ದಿನಾಂಕ …ರಂದು ನನ್ನನ್ನು ಬಂಧಿಸಿ, ದಿನಾಂಕ …ರಂದು … ಆಸ್ಪತ್ರೆಯಲ್ಲಿ ನನ್ನ ರಕ್ತದ ಮಾದರಿ ಮತ್ತು ಕೆನ್ನೆಯ ಒಳಭಾಗದ ಸ್ವಾಬ್ ತೆಗೆದುಕೊಳ್ಳಲಾಗಿತ್ತು. ಸದರಿ ಪ್ರಕರಣದಲ್ಲಿ … ನ್ಯಾಯಾಲಯವು ದಿನಾಂಕ …ರ ತೀರ್ಪಿನಲ್ಲಿ ನನ್ನನ್ನು ಖುಲಾಸೆಗೊಳಿಸಿದ್ದು, ಮೇಲ್ಮನವಿಯ ಅವಧಿ ಮುಗಿದಿದೆ ಹಾಗೂ ಯಾವುದೇ ಮೇಲ್ಮನವಿ ಬಾಕಿಯಿರುವುದಿಲ್ಲ. ದಾಖಲೆಯನ್ನು ಉಳಿಸಿಕೊಳ್ಳುವಂತೆ ನ್ಯಾಯಾಲಯವು ಯಾವುದೇ ಲಿಖಿತ ನಿರ್ದೇಶನ ನೀಡಿರುವುದಿಲ್ಲ. ಜೈಲು ಶಿಕ್ಷೆಗೆ ಅವಕಾಶವಿರುವ ಯಾವುದೇ ಅಪರಾಧದಲ್ಲಿ ನಾನು ಹಿಂದೆ ದೋಷಿಯಾಗಿರುವುದಿಲ್ಲ ಮತ್ತು ನನ್ನ ವಿರುದ್ಧ ಬೇರೆ ಪ್ರಕರಣಗಳಿಲ್ಲ. ಆದ್ದರಿಂದ 2022ರ ಕಾಯ್ದೆಯ 4ನೇ ಕಲಮಿನ 2ನೇ ಉಪಕಲಮಿನ ಪರಂತುಕದಂತೆ ನನ್ನ ಭೌತಿಕ ಮಾದರಿಗಳು, ಅವುಗಳಿಂದ ಬೇರ್ಪಡಿಸಿದ ಡಿಎನ್‌ಎ, ಡಿಎನ್‌ಎ ಪ್ರೊಫೈಲ್, ಬೆರಳಚ್ಚು ಹಾಗೂ ಛಾಯಾಚಿತ್ರ ಸೇರಿದಂತೆ ಎಲ್ಲ ಅಳತೆಗಳ ದಾಖಲೆಗಳನ್ನು, ಅವುಗಳನ್ನು ಹಂಚಿಕೊಂಡಿರುವ ಇತರ ಸಂಸ್ಥೆಗಳಲ್ಲಿರುವ ಪ್ರತಿಗಳೂ ಸೇರಿದಂತೆ, ನಾಶಪಡಿಸಿ, ನಾಶಪಡಿಸಿದ ದಿನಾಂಕವನ್ನು ನಮೂದಿಸಿ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.’

ಇದರೊಂದಿಗೆ ತೀರ್ಪಿನ ದೃಢೀಕೃತ ಪ್ರತಿ, ಗುರುತಿನ ಪುರಾವೆ, ಮೇಲ್ಮನವಿ ಇಲ್ಲವೆಂಬುದನ್ನು ತೋರಿಸುವ ಮುದ್ರಿತ ಪುಟಗಳು ಮತ್ತು ಹಿಂದಿನ ಶಿಕ್ಷೆ ಇಲ್ಲವೆಂಬ ಸ್ವಂತ ಪ್ರಮಾಣಪತ್ರವನ್ನು ಲಗತ್ತಿಸಿ. ಪ್ರತಿಗಳನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಅಥವಾ ನಗರ ಪೊಲೀಸ್ ಆಯುಕ್ತರಿಗೆ, ಮಾದರಿ ಪರೀಕ್ಷಿಸಿದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ) ಮತ್ತು ನವದೆಹಲಿಯ ಎನ್‌ಸಿಆರ್‌ಬಿಗೆ ಕಳಿಸಿ. ಕೈಯಲ್ಲಿ ಕೊಟ್ಟರೆ ಸ್ವೀಕೃತಿಯ ಮೊಹರು, ಅಂಚೆಯಲ್ಲಾದರೆ ತಲುಪಿಸಿದ ದಾಖಲೆ ಇರಲೇಬೇಕು.

ಉತ್ತರ ಬಾರದಿದ್ದರೆ ಅಥವಾ ನಿರಾಕರಿಸಿದರೆ

ಎಷ್ಟು ದಿನದೊಳಗೆ ನಾಶಪಡಿಸಬೇಕೆಂಬ ಗಡುವನ್ನು ಕಾಯ್ದೆಯ 4ನೇ ಕಲಮು ನಿಗದಿಪಡಿಸಿಲ್ಲ. ಇಷ್ಟು ಮುಖ್ಯವಾದ ಕರ್ತವ್ಯಕ್ಕೆ ಕಾಲಮಿತಿಯೇ ಇಲ್ಲದಿರುವುದು ಈ ಕಾಯ್ದೆಯ ದೊಡ್ಡ ಕೊರತೆ. ಒಂದೆರಡು ತಿಂಗಳು ಕಾದು, ಒಂದು ನೆನಪೋಲೆ ಕಳಿಸಿ, ನಂತರ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಬಗ್ಗೆ ಮಾಹಿತಿ ಹಕ್ಕಿನಡಿ ಕೇಳಿ. ತನಿಖೆಗೆ ಅಡ್ಡಿಯಾಗುತ್ತದೆಂಬ ಕಾರಣ ಮುಗಿದ ಪ್ರಕರಣದಲ್ಲಿ ನಿಲ್ಲುವುದು ಕಷ್ಟ. ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಅಳಿಸಿಹಾಕಿಸುವ ಹಕ್ಕಿದೆಯಲ್ಲ ಎಂದು ಅದನ್ನು ನೆಚ್ಚಿ ಕೂರಬೇಡಿ. ಅಪರಾಧಗಳ ತಡೆ, ಪತ್ತೆ ಮತ್ತು ತನಿಖೆಗಾಗಿ ನಡೆಯುವ ದತ್ತಾಂಶ ಸಂಸ್ಕರಣೆಗೆ ಅದರ 17ನೇ ಕಲಮು ಆ ಹಕ್ಕಿನಿಂದ ವಿನಾಯಿತಿ ಕೊಟ್ಟಿದೆ.

ಕೊನೆಯ ದಾರಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ನಮ್ಮಲ್ಲಿ ಬೆಂಗಳೂರಿನ ಪ್ರಧಾನ ಪೀಠದ ಜೊತೆಗೆ ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ. ಶಾಸನವೇ ವಿಧಿಸಿದ ಕರ್ತವ್ಯವನ್ನು ಅಧಿಕಾರಿ ನೆರವೇರಿಸಿಲ್ಲ ಎಂಬುದು ಅರ್ಜಿಯ ಮೊದಲ ಆಧಾರವಾಗಲಿ. ಎರಡನೆಯ ಆಧಾರ ಖಾಸಗಿತನದ ಮೂಲಭೂತ ಹಕ್ಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಈ ಹಕ್ಕನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಸರ್ಕಾರ ಅದರೊಳಗೆ ಕೈಹಾಕಬೇಕಾದರೆ ಕಾನೂನಿನ ಬೆಂಬಲ, ನ್ಯಾಯಯುತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ, ಈ ಮೂರೂ ಇರಬೇಕು. ಖುಲಾಸೆಯಾದವನ ಮಾದರಿಯನ್ನು ದಶಕಗಟ್ಟಲೆ ಇಟ್ಟುಕೊಳ್ಳುವುದು ಮೂರನೆಯದರಲ್ಲಿಯೇ ಸೋಲುತ್ತದೆ. ಆ ತೀರ್ಪಿನಲ್ಲಿ ಚರ್ಚಿತವಾಗಿರುವ ಎಸ್. ಮತ್ತು ಮಾರ್ಪರ್ ಪ್ರಕರಣವೂ ವಕೀಲರಿಗೆ ಉಪಯುಕ್ತ: ಶಿಕ್ಷೆಯಾಗದ ಇಬ್ಬರ ಬೆರಳಚ್ಚು, ಜೀವಕೋಶದ ಮಾದರಿ ಮತ್ತು ಡಿಎನ್‌ಎ ಪ್ರೊಫೈಲುಗಳನ್ನು ಬ್ರಿಟನ್ ಪೊಲೀಸರು ಅನಿರ್ದಿಷ್ಟ ಕಾಲ ಇಟ್ಟುಕೊಂಡಿದ್ದು ಖಾಸಗಿ ಜೀವನದ ಹಕ್ಕಿನ ಉಲ್ಲಂಘನೆಯೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರ ಡಿಸೆಂಬರ್ 4ರಂದು ತೀರ್ಪಿತ್ತಿತು. ಅವರಲ್ಲೊಬ್ಬ ಬಂಧನದ ವೇಳೆಗೆ ಹನ್ನೊಂದು ವರ್ಷದ ಬಾಲಕ. ಆ ತೀರ್ಪಿನ ಫಲವಾಗಿ ಬ್ರಿಟನ್ 2012ರಲ್ಲಿ ಕಾನೂನನ್ನೇ ಬದಲಿಸಿತು.

ರಿಟ್ ಅರ್ಜಿಯಲ್ಲಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕಿನ, ಅಂದರೆ ಸಂವಿಧಾನದ 20ನೇ ವಿಧಿಯ 3ನೇ ಉಪವಿಧಿಯ, ಮೇಲೆ ಹೆಚ್ಚು ಭಾರ ಹಾಕದಿರುವುದು ಒಳ್ಳೆಯದು. ಬೆರಳಚ್ಚಿನಂತಹ ದೈಹಿಕ ಗುರುತುಗಳನ್ನು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲವೆಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 1961ರಲ್ಲಿಯೇ ತೀರ್ಮಾನಿಸಿದೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಬಲವಂತದ ಮಂಪರು ಪರೀಕ್ಷೆಗೆ ತಡೆ ಬಿದ್ದರೂ ಡಿಎನ್‌ಎ ಮಾದರಿಗೆ ಆ ರಕ್ಷಣೆ ವಿಸ್ತರಿಸಲಿಲ್ಲ. ವಾದದ ಬಲವಿರುವುದು ಮಾದರಿ ತೆಗೆದುದರಲ್ಲಿ ಅಲ್ಲ, ಕಾರಣ ಮುಗಿದ ಮೇಲೂ ಇಟ್ಟುಕೊಂಡಿರುವುದರಲ್ಲಿ.

ನಾಶಪಡಿಸಿರುವುದಾಗಿ ಪತ್ರ ಬಂದಾಗ ಅದರಲ್ಲಿ ನಾಲ್ಕೂ ರೂಪಗಳ ಉಲ್ಲೇಖವಿದೆಯೇ, ದಿನಾಂಕವಿದೆಯೇ, ಪ್ರಯೋಗಾಲಯದ ಹೆಸರಿದೆಯೇ ಎಂದು ನೋಡಿ. ‘ದಾಖಲೆಗಳನ್ನು ತೆಗೆದುಹಾಕಲಾಗಿದೆ’ ಎಂಬ ಒಂದೇ ಸಾಲಿನ ಪತ್ರ ಬಂದಿದ್ದರೆ, ಭೌತಿಕ ಮಾದರಿಯ ಬಗ್ಗೆ ಪ್ರಯೋಗಾಲಯಕ್ಕೆ ಪ್ರತ್ಯೇಕವಾಗಿ ಬರೆದು ಉತ್ತರ ಪಡೆಯಿರಿ. ಎರಡೂ ಪತ್ರಗಳನ್ನು ತೀರ್ಪಿನ ದೃಢೀಕೃತ ಪ್ರತಿಯೊಂದಿಗೆ ಸೇರಿಸಿ, ಒಂದು ಪ್ರತಿಯನ್ನು ವಕೀಲರ ಬಳಿಯೂ ಇಡಿ. ಮುಂದೆಂದಾದರೂ ಬೇರೆ ಪ್ರಕರಣದಲ್ಲಿ ಹಳೆಯ ಪ್ರೊಫೈಲಿನೊಂದಿಗೆ ಹೋಲಿಕೆಯಾಗಿದೆ ಎಂಬ ಮಾತು ಬಂದರೆ, ನಾಶವಾಗಬೇಕಿದ್ದ ದಾಖಲೆ ಎಲ್ಲಿಂದ ಬಂತೆಂದು ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವೇ ಆಧಾರ.